ಬಚ್ಚಲ ಹಿಂದಿನ ಸೀಗೆ

ಅತ್ತಿಗೆ ತೀರ್ಥಹಳ್ಳಿ ಕಡೆಯವಳು, ನನಗಿಂತ ಮೂರೇ ವರ್ಷ ದೊಡ್ಡವಳು. ಅವಳ ತವರಿನಲ್ಲಿ ಬಚ್ಚಲ ಹಿಂದೆಯೇ ಸೀಗೆಬಳ್ಳಿ ಇತ್ತಂತೆ. ಮದುವೆಯಾಗಿ ಹೊಸನಗರದ ನಮ್ಮ ಮನೆಗೆ ಬಂದ ಹೊಸತರಲ್ಲಿ, ತಲೆಗೆ ಎರೆದುಕೊಳ್ಳುವ ದಿನವೆಲ್ಲ ಅದೇ ಮಾತು: "ಅಂಗಡಿ ಪುಡಿಗೆ ನೊರೆಯೇ ಇಲ್ಲ ಮಾರಾಯ್ತಿ." ಅಣೆಕಟ್ಟಿನ ಕೆಲಸದ ಲಾರಿಗಳು ನಿಲ್ಲುತ್ತಿದ್ದ ಬಯಲಿನಲ್ಲಿ ಒಮ್ಮೆ ಅವಳಿಗೆ ಮುಳ್ಳಿನ ಸಸಿಯೊಂದು ಕಂಡಿತು. ಎಲೆ ಸೀಗೆಯದ್ದೇ ಥರ. ಸೆರಗಿನಲ್ಲಿ ಕಟ್ಟಿ ತಂದು ನಮ್ಮ ಬಚ್ಚಲ ಹಿಂದೆ ನೆಟ್ಟಳು.

ನನಗಾಗ ಹದಿನಾರು. ಕಂಡದ್ದನ್ನೆಲ್ಲ ಎಣಿಸಿ ದಿನಚರಿಯಲ್ಲಿ ಬರೆಯುವ ಚಟ. ಪ್ರತಿ ಭಾನುವಾರ ಬಳ್ಳಿಯನ್ನು ಗೇಣಿನಲ್ಲಿ ಅಳೆಯುತ್ತಿದ್ದೆ. ಮೊದಲ ತಿಂಗಳು ಮೂರು ಗೇಣು. ಮಳೆ ಹಿಡಿದ ಮೇಲೆ ವಾರಕ್ಕೇ ನಾಲ್ಕು. ದಾಸವಾಳದ ಗಿಡವನ್ನು ಮುಚ್ಚಿ, ಬಚ್ಚಲ ಮಾಡಿನ ಹೆಂಚಿಗೆ ಹತ್ತಿತು.

"ನೋಡಿದ್ಯಾ ನನ್ನ ಕೈಗುಣ!" ಎಂದು ಅತ್ತಿಗೆ ಬೀಗುತ್ತಿದ್ದಳು.

ಸೌದೆಗೆ ಹೋದಾಗ ಕಾಡಿನ ಸೀಗೆಯ ಟೊಂಗೆಯೊಂದನ್ನು ತಂದು ಪಕ್ಕದಲ್ಲಿ ಹಿಡಿದು ನೋಡಿದೆ. ಅದರ ಕಾಂಡ ಉರುಟು. ನಮ್ಮದು ಚೌಕ, ನಾಲ್ಕೂ ಅಂಚಿನಲ್ಲಿ ಹಿಂದಕ್ಕೆ ಬಾಗಿದ ಮುಳ್ಳು. ಒಂದು ಗೇಣಿಗೆ ತೊಂಬತ್ತಾರು. ಮುಟ್ಟಿದರೆ ಎಲೆ ನಾಚಿಕೆಮುಳ್ಳಿನಂತೆ ಮೆಲ್ಲಗೆ ಮಡಚಿಕೊಳ್ಳುತ್ತಿತ್ತು. ಕಾಡಿನ ಸೀಗೆ ಎಷ್ಟು ಮುಟ್ಟಿದರೂ ಅಲುಗಿರಲಿಲ್ಲ. ಇದು ಲಾರಿಗಳ ಜೊತೆ ಎಲ್ಲಿಂದಲೋ ಬಂದ ಕಳೆ. ಹಾಗೆಂದು ಬರೆದಿಟ್ಟೆ. ಹೇಳಲು ಮಾತ್ರ ಬಾಯಿ ಬರಲಿಲ್ಲ. ಸಂಜೆ ಅದರ ಬುಡದಲ್ಲಿ ನಿಂತು ಬಂದಾಗಲಷ್ಟೇ ಅತ್ತಿಗೆಯ ಮುಖ ತವರಿಗೆ ಹೋಗಿಬಂದವರ ಹಾಗಿರುತ್ತಿತ್ತು.

ಒಂದು ಬೆಳಿಗ್ಗೆ ಅವಳು ಬೊಗಸೆ ತುಂಬ ಅದರ ಚಿಗುರು ಕೊಯ್ದು ತಂದಳು. ಸೀಗೆ ಚಿಗುರು ಹುಳಿ. ಅದರ ಚಟ್ನಿ ಅವಳಿಗೆ ಪ್ರಾಣ. ಒರಳಿಗೆ ಹಾಕುವಷ್ಟರಲ್ಲಿ ಕೈ ಹಿಡಿದೆ.

"ಬೇಡ ಅತ್ತಿಗೆ. ಇದು ಸೀಗೆ ಅಲ್ಲ."

ಅವಳು ಒಂದು ಎಲೆಯನ್ನು ನಾಲಿಗೆಗೆ ಮುಟ್ಟಿಸಿ ಉಗಿದಳು. ಹುಳಿಯ ಸುಳಿವೇ ಇರಲಿಲ್ಲ.

"ಯಾವಾಗಿಂದ ಗೊತ್ತು ನಿಂಗೆ?"

"ಹನ್ನೊಂದು ದಿನ ಆಯ್ತು."

"ಹನ್ನೊಂದು ದಿನ! ಎಣಿಸ್ತಾ ಕೂತಿದ್ಯಾ? ಮನೆಯವ್ರೆಲ್ಲ ತಿಂದು ಮಲಗಿದ್ಮೇಲೆ ಹೇಳ್ತಿದ್ಯಾ?"

ನನಗೆ ಅಳು ಬಂತು. ಅವಳು ಅಳಲಿಲ್ಲ, ಕತ್ತಿ ತಂದಳು. ಮಧ್ಯಾಹ್ನದವರೆಗೆ ಇಬ್ಬರೂ ಕಡಿದೆವು. ಬಳ್ಳಿಯಲ್ಲಿ ಗುಲಾಬಿ ಬಣ್ಣದ ಮೊಗ್ಗು ಆಗಷ್ಟೇ ಮೂಡಿತ್ತು, ಬೀಜ ಕಟ್ಟಿರಲಿಲ್ಲ. ಬುಡ ಕಿತ್ತ ಜಾಗದಲ್ಲಿ ಅತ್ತಿಗೆ ಕೂತಳು. ಆಮೇಲೆ ನನ್ನ ಅಂಗೈ ಎಳೆದುಕೊಂಡು ಮುಳ್ಳು ತೆಗೆಯತೊಡಗಿದಳು.

"ನಮ್ಮಮ್ಮಂಗೊಂದು ಕಾಗದ ಬರಿ. ನಮ್ಮ ಬಳ್ಳಿದೇ ಬೀಜ ಕಳ್ಸು ಅಂತ. ಇದನ್ನ ನೆಟ್ಟಿದ್ದು ಬರೀಬೇಡ, ನಗ್ತಾಳೆ."

ಇನ್ನೊಂದು ಮುಳ್ಳು ಬಂತು.

"ಇಲ್ಲ, ಅದನ್ನೂ ಬರಿ. ನಗಲಿ. ಬೀಜ ಬೇಗ ಕಳಿಸ್ತಾಳೆ."