ಕುಳ್ಳಮ್ಮನ ನೀರಿನ ಕ್ಯಾನು
ಗಾವಡಗೆರೆಯ ಕುಳ್ಳಮ್ಮನ ಮನೆಯಲ್ಲಿ ಕುಡಿಯುವ ನೀರಿನ ಕ್ಯಾನಿಗೆ ನಡೆಯುವ ಸ್ನಾನ ಮೊಮ್ಮಕ್ಕಳಿಗೂ ನಡೆದದ್ದಿಲ್ಲ. ಫಿಲ್ಟರ್ ನೀರು ತರಲು ಮಗ ಸ್ಕೂಟರ್ ತೆಗೆಯುವ ಮೊದಲೇ ಅವಳು ಖಾಲಿ ಕ್ಯಾನನ್ನು ಹಿತ್ತಿಲಿಗೆ ಒಯ್ದು, ಒಂದು ಹಿಡಿ ಕಲ್ಲುಪ್ಪು, ಒಂದು ಹಿಡಿ ಅಕ್ಕಿ, ಒಂದು ಚೊಂಬು ಬಿಸಿನೀರು ಹಾಕಿ, ತೊಡೆಯ ಮೇಲೆ ಮಲಗಿಸಿಕೊಂಡು, ರಚ್ಚೆ ಹಿಡಿದ ಕೂಸನ್ನು ಆಡಿಸುವಂತೆ ಕುಲುಕುತ್ತಾಳೆ. "ನೀರು ಫಿಲ್ಟರಾಗ್ಬುಟ್ರೆ ಆಯ್ತಾ? ಕ್ಯಾನಿನ ಒಟ್ಟೆ ತೊಳೆಯೋರ್ಯಾರು?" ಎಂಬ ಅವಳ ಮಾತು ಬೀದಿಗೆಲ್ಲ ಬಾಯಿಪಾಠ. ನೆಂಟರು ಬಂದರೆ ಕಾಫಿಗಿಂತ ಮೊದಲು ಕ್ಯಾನಿನ ದರ್ಶನ. ಪಕ್ಕದ ಮನೆಯವರಂತೂ ತಮ್ಮ ಕ್ಯಾನು ಅವಳ ಕಣ್ಣಿಗೆ ಬೀಳದಿರಲೆಂದು ಗೋಣಿಚೀಲ ಹೊದಿಸಿ ಒಯ್ಯುತ್ತಾರೆ. ತೊಳೆದದ್ದನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡುವುದು ಕಡೆಯ ಪರೀಕ್ಷೆ. ಈಚೆಗೆ ಯಾವ ಕ್ಯಾನೂ ಅದರಲ್ಲಿ ಪಾಸಾಗುತ್ತಿಲ್ಲ. "ಒಳಗೆ ಇನ್ನೂ ಮಬ್ಬೈತೆ ಕಣವ್ವ" ಎಂದು ಮತ್ತೆ ಉಪ್ಪಿಗೆ ಕೈ ಹಾಕುತ್ತಾಳೆ. ಈ ಗೋಳು ನೋಡಲಾರದೆ ಸೊಸೆ ಯಶೋದ ಮೊನ್ನೆ ಹೊಸ ಕ್ಯಾನನ್ನೇ ತರಿಸಿಕೊಟ್ಟಳು. ಕುಳ್ಳಮ್ಮ ಅದನ್ನೂ ಬಿಸಿಲಿಗೆ ಹಿಡಿದು, "ಅಂಗಡಿಯವ್ನು ಹಳೇದನ್ನ ಕೊಟ್ಟವ್ನೆ" ಎಂದಳು. ಯಶೋದಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ಪುಟ್ಟಿ ಸ್ನಾನ ಮುಗಿಸಿ ಫಳಫಳ ಹೊಳೆಯುತ್ತಾ ಬಂದಳು. ಕುಳ್ಳಮ್ಮ ಅವಳ ಗಲ್ಲ ಹಿಡಿದು, ಮುಖವನ್ನು ಬಿಸಿಲಿಗೆ ತಿರುಗಿಸಿ, "ಮುಖಾನೂ ಸರಿಯಾಗಿ ತೊಳ್ದಿಲ್ವಲ್ಲೇ, ಇದೂ ಮಬ್ಬೈತೆ" ಎನ್ನುತ್ತಾ ಸೆರಗಿನಿಂದ ಒರೆಸತೊಡಗಿದಳು. ಯಶೋದಳ ನಗು ಅಲ್ಲೇ ನಿಂತಿತು. ಅವಳು ಮೊದಲ ಸಲ ಕ್ಯಾನನ್ನು ಬಿಟ್ಟು ಅತ್ತೆಯ ಕಣ್ಣನ್ನು ನೋಡಿದಳು. ಎರಡು ಪಾಪೆಗಳ ಮೇಲೂ ಬೆಳ್ಳನೆಯ ಪೊರೆ ಕೂತಿತ್ತು.