ವಿಯೆಟ್ನಾಂ ಕಂಟೇನರ್ ಮತ್ತು ನಮ್ಮ ಅಮಾವಾಸ್ಯೆ

ಆ ಶುಕ್ರವಾರ ಬೆಳಿಗ್ಗೆ ಅತ್ತೆಯ ಬಿ.ಪಿ. ಗುಳಿಗೆ ತಂದೆ. ಹಿಂದಿನ ದಿನ ಒಣಗದ ಬಟ್ಟೆ ಮತ್ತೆ ಹರವಿದೆ. ರೊಟ್ಟಿ ಬಡಿದು ಡಬ್ಬಿ ಕಟ್ಟಿದೆ. ಮಿಲ್ಲಿಗೆ ಬಂದು ಕಂಪ್ಯೂಟರಿನ ಧೂಳು ಒರೆಸಿದೆ. ಒಂಬತ್ತಕ್ಕೆ ದುಬೈಗೆ ಒಂದು ಇ-ಮೇಲ್ ಕಳಿಸಿದೆ. ಈ ಕೊನೆಯ ಕೆಲಸ ಹಿಂದಿನ ದಿನವೇ ಆಗಬೇಕಿತ್ತು.

ಇದು ಕಳೆದ ವರ್ಷದ ಮಾತು. ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಹದಿನೆಂಟು ವರ್ಷದಿಂದ ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದೇನೆ. ದುಬೈನ ನಮ್ಮ ಹಳೆಯ ಗಿರಾಕಿ ಆ ಸೋಮವಾರ ಒಂದು ಹಾಳೆ ಕಳಿಸಿದ್ದರು. ವಿಯೆಟ್ನಾಂನಲ್ಲಿ ಒಂದು ಕಂಟೇನರ್ ಅಕ್ಕಿಯನ್ನು ಮಿಲ್ಲಿನಿಂದ ಹಡಗಿಗೆ ಹತ್ತಿಸಲು ತಗಲುವ ಖರ್ಚಿನ ಪಟ್ಟಿ ಅದು. ಗುರುವಾರ ಸಂಜೆಯೊಳಗೆ ನಮ್ಮ ಪಟ್ಟಿ ಅದಕ್ಕಿಂತ ಕಡಿಮೆ ಬಂದರೆ ವರ್ಷದ ಆರ್ಡರ್ ನಮಗೆ, ಇಲ್ಲದಿದ್ದರೆ ಅವರಿಗೆ. ಪ್ರತಿ ವರ್ಷ ಈ ಗಿರಾಕಿಯ ಆರ್ಡರಿಗೆಂದೇ ಹನುಮವ್ವ ಮತ್ತು ಅವಳ ಜೊತೆಯ ಹನ್ನೊಂದು ಹೆಂಗಸರು ನಮ್ಮಲ್ಲಿ ಐದು ಕಿಲೋ ಚೀಲ ತುಂಬಿ ಹೊಲಿಯುತ್ತಿದ್ದರು. ಆರ್ಡರ್ ಹೋದರೆ ಅವರ ಕೆಲಸವೂ ಹೋಯಿತು.

ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟೆ. ನಮ್ಮದು ಒಂದೂವರೆ ಪಟ್ಟು! ಬಂದರಿನ ಶುಲ್ಕ, ಕಸ್ಟಮ್ಸ್ ಏಜೆಂಟರ ಕಮಿಷನ್, ತಪಾಸಣೆ ಎಲ್ಲ ಹೆಚ್ಚುಕಡಿಮೆ ಸಮ. ಏರಿದ್ದು ಸಾಗಣೆ. ಅವರ ಚೀಲ ನದಿಯ ದೋಣಿಯಲ್ಲಿ ಬಂದರಿಗೆ ಹೋಗಿ ಅಲ್ಲಿ ಕಂಟೇನರ್ ಸೇರುತ್ತದೆ. ನಮ್ಮಲ್ಲಿ ಖಾಲಿ ಕಂಟೇನರ್ ಚೆನ್ನೈನಿಂದ ಗಂಗಾವತಿಗೆ ಬಂದು, ತುಂಬಿಕೊಂಡು, ಬಂದ ದಾರಿಯಲ್ಲೇ ಮರಳುತ್ತದೆ. ಖಾಲಿ ಪೆಟ್ಟಿಗೆ ಬಂದದ್ದಕ್ಕೂ ಬಾಡಿಗೆ. ಅಮಾವಾಸ್ಯೆಗೆ ಮಿಲ್ಲು ಬಂದ್, ಹಮಾಲರಿಗೆ ರಜೆ. ಅಂದು ಅದು ಗೇಟಿನ ಮುಂದೆ ಸುಮ್ಮನೆ ನಿಂತದ್ದಕ್ಕೂ ಬಾಡಿಗೆ.

ಮಂಗಳವಾರವಿಡೀ ಫೋನ್ ಮಾಡಿ ಲಾರಿಯವರ, ಬಂದರಿನ ಗೋಡೌನಿನವರ ದರ ಕೇಳಿದೆ. ಬುಧವಾರ ಮಿಲ್ಲಿನ ಮಾಲೀಕರಾದ ಸಾಹುಕಾರರ ಮುಂದೆ ಕೂತೆ.

"ಚೀಲ ಸಾದಾ ಲಾರ್ಯಾಗ ಚೆನ್ನೈಗೆ ಕಳಿಸಿ ಅಲ್ಲೇ ಕಂಟೇನರ್ ತುಂಬಿದ್ರ, ನಾವು ಅವರಕಿಂತ ಕಡಿಮಿ ಬರ್ತೀವ್ರಿ."

"ನನ್ನ ಕಣ್ಣ ಮುಂದ ಸೀಲ್ ಬೀಳಬೇಕು ಅಕ್ಕಾರ. ಹಿಂದ ಒಮ್ಮಿ ಗೋಡೌನಿನ್ಯಾಗ ಚೀಲ ಬದ್ಲಿ ಮಾಡಿ ನನ್ನ ಮಾನಾ ಕಳದಾರ."

"ನಾನ ಹೋಗಿ ನಿಂತು, ಚೀಲ ಎಣಿಸಿ ಸೀಲ್ ಹಾಕಸ್ತೀನ್ರಿ."

ಅವರು ನನ್ನ ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡರು. ಗುರುವಾರ ಅಮಾವಾಸ್ಯೆ. ಮಷಿನ್ ಪೂಜೆ ಮುಗಿಸಿ, ಕೈಯಲ್ಲಿ ಒಡೆದ ಕಾಯಿ ಹಿಡಿದೇ ಒಪ್ಪಿದರು.

"ಆತು, ನೀವು ಹೇಳಿದಂಗ ಮಾಡೂಣು. ಆದ್ರ ಅಮಾಸಿ ದಿನ ಹೊಸಾ ರೇಟ್ ಬ್ಯಾಡ. ನಾಳಿ ಮುಂಜಾನಿ ಕಳಸ್ರಿ."

"ಇವತ್ತ ಸಂಜೀಕ ಗಡುವು ಐತ್ರಿ."

"ಒಂದ ರಾತ್ರ್ಯಾಗ ದುಬೈ ಎಲ್ಲಿ ಓಡಿಹೋಗತೈತಿ? ಹಳೇ ಗಿರಾಕಿ, ಕಾಯ್ತಾನ."

ಇ-ಮೇಲ್ ಬರೆದಿಟ್ಟು ಆಗಿತ್ತು. ಒಂದು ಗುಂಡಿ ಒತ್ತಿದರೆ ಸಾಕಿತ್ತು. ಒತ್ತಲಿಲ್ಲ. ಕಂಪ್ಯೂಟರಿಗೆ ಹಚ್ಚಿದ ಕುಂಕುಮ ನೋಡುತ್ತ ಸಂಜೆ ಐದರವರೆಗೆ ಕೂತು ಮನೆಗೆ ಹೋದೆ.

ಶುಕ್ರವಾರ ಹನ್ನೊಂದಕ್ಕೆ ಉತ್ತರ ಬಂತು. ನಿನ್ನೆ ಸಂಜೆಯೇ ವಿಯೆಟ್ನಾಂನವರಿಗೆ ಸಹಿ ಹಾಕಿಕೊಟ್ಟಾಗಿದೆ ಎಂದಿತ್ತು. ಕೆಳಗೆ ಇನ್ನೊಂದು ಸಾಲು: ನಿಮ್ಮ ದರವೇ ಕಡಿಮೆಯಿತ್ತು. ಆ ಸಾಲನ್ನು ಅವರು ಬರೆಯದಿದ್ದರೆ ಚೆನ್ನಾಗಿತ್ತು. ಸಾಹುಕಾರರಿಗೆ ಓದಿ ಹೇಳಿದೆ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಚೀಲ ಹೊಲಿಯುವ ಶೆಡ್ಡಿಗೆ ಹೋಗಿ ಹೇಳುವುದು ನನ್ನ ಪಾಲಿಗೆ ಬಂತು. ಹನುಮವ್ವ ಎಲ್ಲ ಕೇಳಿಸಿಕೊಂಡು ದಬ್ಬಣವನ್ನು ಚೀಲಕ್ಕೆ ಸಿಗಿಸಿದಳು.

"ಆ ದೇಶದಾಗ ಅಮಾಸಿ ಬರೂದಿಲ್ಲೇನ್ರಿ ಅಕ್ಕಾರ?"

"ಬರತೈತಿ ಹನುಮವ್ವ."

"ಮತ್ತ ನೀವರ ಕದ್ದು ಒತ್ತಬೇಕಿತ್ತಲ್ರಿ ಆ ಗುಂಡಿ!"

ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಮರುವಾರ ಆ ಹನ್ನೆರಡೂ ಜನ ವಿರೂಪಾಪುರಗಡ್ಡೆ ಕಡೆ ಭತ್ತದ ನಾಟಿಗೆ ಹೋದರು.

ಅಂದಿನಿಂದ ನನ್ನ ಪಟ್ಟಿಯ ಕೊನೆಗೆ 'ಕಾಯ್ದ ದಿನ' ಎಂದು ಒಂದು ಕಾಲಂ ಇದೆ. ಕಂಟೇನರ್ ನಿಂತ ದಿನಗಳ ಜೊತೆ ನಾವು ಸುಮ್ಮನೆ ಕೂತ ದಿನಗಳನ್ನೂ ಅಲ್ಲಿ ಬರೆಯುತ್ತೇನೆ. ಸಾಹುಕಾರರು ಅದನ್ನು ಓದಿ ಸಹಿ ಹಾಕುತ್ತಾರೆ. ಅಮಾವಾಸ್ಯೆ ದಿನ ಮಾತ್ರ ಹಾಕುವುದಿಲ್ಲ.

ಆ ಶುಕ್ರವಾರ ರಾತ್ರಿ ಮನೆಯಲ್ಲಿ ಉಂಡದ್ದು ಬೆಳಗಿನ ರೊಟ್ಟಿ, ಪುಂಡಿಪಲ್ಯ, ಮೊಸರು. ದಿನಾ ಮೊದಲು ಮಲಗುವವರು ಅತ್ತೆ. ಅಂದು ಎಲ್ಲರಿಗಿಂತ ಮೊದಲು ನಾನು ಮಲಗಿದೆ. ನಿದ್ದೆ ಬಂದಿತ್ತೆಂದಲ್ಲ, ಆರ್ಡರ್ ಏನಾಯಿತೆಂದು ಯಾರೂ ಕೇಳದಿರಲೆಂದು.