ಫ್ರೀಜರ್‌ಗೆ ಹಾಕಿದ ಮಾವಿನ ಮಿಡಿ

ಸಾಗರದ ಅಂಗಡಿಯಿಂದ ಡೀಪ್ ಫ್ರೀಜರ್ ತಂದ ದಿನದಿಂದ ನನಗೆ ಎರಡು ಕೊಂಬು ಮೂಡಿದ್ದವು. ಹಲಸಿನ ತೊಳೆ, ಕಳಲೆ, ಕೆಸುವಿನ ಸೊಪ್ಪು, ಕಣ್ಣಿಗೆ ಬಿದ್ದದ್ದೆಲ್ಲ ಅದರ ಹೊಟ್ಟೆಗೆ. ಹೊರಬರುವಾಗ ಹಲಸು ಒದ್ದೆ ಬಟ್ಟೆಯಂತಾಗಿರುತ್ತಿತ್ತು. "ಎಷ್ಟು ಫ್ರೆಶ್ ಇದೆ ಅಲ್ವಾ" ಎಂದು ನಾನೇ ಕೇಳಿ, ನಾನೇ ಹೂಂಗುಟ್ಟುತ್ತಿದ್ದೆ.

ಆ ವರ್ಷ ಮೇಳಿಗೆಯಲ್ಲಿರುವ ನನ್ನ ಅಕ್ಕನಿಗೆ ಜ್ವರ ಬಂತು. ಹೋಗುವಾಗ ಅದು ನಾಲಿಗೆಯ ರುಚಿ, ಮೂಗಿನ ವಾಸನೆ ಎರಡನ್ನೂ ಹೊತ್ತುಕೊಂಡು ಹೋಯಿತು. ತಿಂಗಳುಗಳು ಕಳೆದರೂ ಮರಳಲಿಲ್ಲ. ಅನ್ನ ಕಂಡರೆ ಮುಖ ತಿರುಗಿಸುವವಳು, ಮಾವಿನ ಮಿಡಿಯ ಉಪ್ಪಿನಕಾಯಿ ಇದ್ದರೆ ಮಾತ್ರ ನಾಲ್ಕು ತುತ್ತು ಉಣ್ಣುತ್ತಿದ್ದಳು.

"ರುಚಿ ಎಂತದೂ ಇಲ್ಲ ಕಣೇ. ಕಚ್ಚಿದ್ರೆ ಕಟುಂ ಅಂತದಲ್ಲ, ಅಷ್ಟೇ. ಏನೋ ತಿಂದೆ ಅನ್ಸುತ್ತೆ" ಎನ್ನುತ್ತಿದ್ದಳು.

ಹಳೆಯ ಭರಣಿ ತಳ ಕಂಡಿತು. ಕವಲೇದುರ್ಗದ ಕೆಳಗಿನ ಮರದಿಂದ ಮಿಡಿ ಕೊಯ್ಸಿ, ತನಗೆ ಕೈಲಾಗದೆಂದು ನನಗೆ ಕೊಟ್ಟಳು. "ಇವತ್ತೇ ಉಪ್ಪಿಗೆ ಹಾಕು" ಎಂದಳು. ಕೊಯ್ದ ದಿನವೇ ಮಿಡಿ ಉಪ್ಪಿಗೆ ಬೀಳಬೇಕೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮನೆಗೆ ಬಂದ ನೆಂಟರನ್ನು ಹೊಳೆಬಾಗಿಲಿಗೆ ಒಯ್ದು ಹಿನ್ನೀರು ದಾಟುವ ಲಾಂಚ್ ಹತ್ತಿಸುವ ಮಹತ್ಕಾರ್ಯ ನನ್ನ ತಲೆಯ ಮೇಲಿತ್ತು. ಮಿಡಿ ಫ್ರೀಜರ್‌ಗೆ ಹೋಯಿತು.

ವಾರದ ಮೇಲೆ ತೆಗೆದರೆ ಕಲ್ಲಿನಂತಿದ್ದವು. ಗಟ್ಟಿಯಾಗೇ ಇವೆಯೆಂದು ನಾನು ಹಿಗ್ಗಿದೆ. ಕರಗುತ್ತ ಬಂದಂತೆ ನೀರೆಲ್ಲ ಸೋರಿ, ಬೆರಳಿಟ್ಟರೆ ಹೂತುಹೋಗುವಷ್ಟು ಮೆತ್ತಗಾದವು. ಒಳಗಿನ ನೀರು ಹೆಪ್ಪುಗಟ್ಟಿ ಕಾಯನ್ನು ಒಳಗಿಂದಲೇ ಸೀಳುತ್ತದಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬುದ್ಧಿ ಬಂದ ಮೇಲೂ ನಾನು ಮಾಡಿದ್ದೇನು? ಉಪ್ಪು ಖಾರ ಧಾರಾಳ ಸುರಿದು, ಏನೂ ಆಗದವಳಂತೆ ಮೇಳಿಗೆಗೆ ಒಯ್ದೆ.

ಅಕ್ಕ ಊಟಕ್ಕೆ ಕೂತು ಒಂದು ಮಿಡಿ ಕಚ್ಚಿದಳು. ಅಗಿದಳು. ಇನ್ನೊಂದು ತೆಗೆದು, ಈ ಸಲ ನಿಧಾನಕ್ಕೆ ಕಚ್ಚಿದಳು. ಅವಳ ಕಣ್ಣು ತುಂಬಿತು.

"ಇದೂ ಹೋಯ್ತು ಕಣೇ. ಹಲ್ಲಿಗೂ ಏನೂ ಗೊತ್ತಾಗ್ತಿಲ್ಲ ನಂಗೆ."

ಹುಟ್ಟಿದಾಗಿನಿಂದ ತಪ್ಪೊಪ್ಪಿ ಅಭ್ಯಾಸವಿಲ್ಲದ ನಾನು ಅಂದು ಬಾಯಿಬಿಟ್ಟೆ. "ನಿಂಗೇನೂ ಆಗಿಲ್ಲ. ಉಪ್ಪಿಗೆ ಹಾಕ್ದೆ ಫ್ರೀಜರ್‌ಗೆ ಹಾಕಿದ್ದೆ ನಾನು. ಮಿಡಿನೇ ಮೆತ್ತಗಾಗಿದ್ದು" ಎಂದೆ.

ಬೈಗುಳಕ್ಕೆ ಕಾಯುತ್ತ ತಲೆ ತಗ್ಗಿಸಿ ಕೂತೆ. ಅವಳು ಎಂಜಲು ಕೈಯಲ್ಲೇ ನನ್ನ ಕೈ ಹಿಡಿದುಕೊಂಡಳು.

"ದೇವ್ರಾಣೆ, ನೀನೇ ಹಾಳ್ ಮಾಡಿದ್ದು ತಾನೇ?"

ಹೌದು ಎಂದೆ. ಮೂರು ಸಲ ಹೇಳಿಸಿಕೊಂಡಳು.